ಪ್ರಸಂಗವಿಲ್ಲದ ಭಾನುವಾರಗಳು

ಜೂನ್ 5, ಸೋಮವಾರ

ಮೂವತ್ತು ವರ್ಷ ಚರ್ಚಿನ ಪೀಠದಿಂದ ಪ್ರಸಂಗ ಮಾಡಿದ ಬಾಯಿಗೆ ಇವತ್ತು ಬೀಗ ಬಿತ್ತು. ಗಂಟಲಲ್ಲಿ ಬೆಳೆದಿದ್ದ ಗಂಟನ್ನು ತೆಗೆದ ಡಾಕ್ಟರು ಮನೆಗೆ ಕಳಿಸುವಾಗ ಬೆರಳೆತ್ತಿ ಹೇಳಿದರು: "ಒಂದು ಮಾತೂ ಆಡಬಾರ್ದು. ಪಿಸುಗುಟ್ಟೋದೂ ಬೇಡ, ಅದು ಇನ್ನೂ ಕೆಟ್ಟದ್ದು." ಎಷ್ಟು ದಿನ ಎಂದು ಕೈಸನ್ನೆಯಲ್ಲಿ ಕೇಳಿದೆ. "ನೋಡೋಣ" ಎಂದರು. ನಾನು ಜನರಿಗೆ ಪರಲೋಕದ ಬಗ್ಗೆ ಹೇಳುವಾಗಲೂ ಇಷ್ಟು ಅಡ್ಡಗೋಡೆಯ ಮೇಲೆ ದೀಪ ಇಟ್ಟವನಲ್ಲ.

ಮನೆಗೆ ಬಂದ ಮೇಲೆ ನನ್ನವಳು ಒಂದು ಸ್ಲೇಟು, ಜೊತೆಗೆ ಈ ಪುಸ್ತಕ ತಂದು ಮುಂದಿಟ್ಟಳು. "ನಾನು ಕೇಳಬೇಕಾದ್ದನ್ನ ಸ್ಲೇಟಲ್ಲಿ ಬರೀರಿ. ಉಳಿದದ್ದನ್ನೆಲ್ಲ ಇದರಲ್ಲಿ ಬರ್ಕೊಳ್ಳಿ" ಎಂದಳು. ಸ್ಲೇಟು ಅಂಗೈಯಗಲ ಇದೆ. ಪುಸ್ತಕ ಇಟ್ಟಿಗೆಯಷ್ಟು ದಪ್ಪ ಇದೆ. ನನ್ನ ಮಾತಿನ ಬಗ್ಗೆ ಅವಳ ಅಂದಾಜು ಏನೆಂದು ತಿಳಿಯಿತು.

ನನ್ನ ಸ್ವರ ಹೇಗಿತ್ತು ಎಂದು ಇಲ್ಲಾದರೂ ಬರೆದಿಡುತ್ತೇನೆ, ಯಾರೂ ಓದುವುದಿಲ್ಲವಲ್ಲ. ಪೀಠದ ಮೇಲೆ ನಿಂತು ಬಾಯಿ ತೆರೆದರೆ ಕೊನೆಯ ಬೆಂಚಿನ ಹಿಂದಿನ ಗೋಡೆಗೆ ತಾಗಿ ನನ್ನ ಬಳಿಗೇ ವಾಪಸು ಬರುತ್ತಿತ್ತು. ಮೈಕು ಕೆಟ್ಟ ದಿನ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಆ ವಾಪಸು ಬರುವ ಸದ್ದು ಈಗಲೇ ಬೇಕೆನಿಸುತ್ತಿದೆ.

ಜೂನ್ 11, ಭಾನುವಾರ

ಮೊದಲ ಸಲ ಬೆಂಚಿನಲ್ಲಿ, ನನ್ನವಳ ಪಕ್ಕದಲ್ಲಿ ಕೂತು ಆರಾಧನೆಯಲ್ಲಿ ಭಾಗವಹಿಸಿದೆ. ಬೆಂಚು ಇಷ್ಟು ಗಟ್ಟಿ ಎಂದು ಯಾರೂ ಹೇಳಿರಲಿಲ್ಲ.

ಚಿಕ್ಕ ಪಾಸ್ಟರು ಪ್ರಸಂಗ ಮಾಡಿದರು. ಹೋದ ವರ್ಷ ನನಗೆ ಸಹಾಯಕರಾಗಿ ಬಂದವರು. ಹಾಳೆ ನೋಡಿಕೊಂಡು ಓದಿದರು. ಒಂದು ಕಡೆ ಸಾಲು ತಪ್ಪಿ, ಹೇಳಿದ್ದನ್ನೇ ಮತ್ತೆ ಹೇಳಿದರು. ಎದ್ದು ಹೋಗಿ ಆ ಜಾಗದಲ್ಲಿ ನಿಲ್ಲಲೇ ಎನ್ನುವಷ್ಟು ನನ್ನ ಕಾಲು ತುರಿಸಿತು. ನನ್ನವಳು ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು ಅದುಮಿ ಹಿಡಿದಳು. ಪ್ರೀತಿಯಿಂದಲ್ಲ, ಬೆಂಚು ಅಲುಗಾಡುತ್ತಿತ್ತಂತೆ.

ಬಾಗಿಲಲ್ಲಿ ಎಲ್ಲರೂ ನನ್ನ ಭುಜ ತಟ್ಟಿದರು. "ಬೇಗ ಬನ್ನಿ ಅಯ್ಯನವರೇ" ಎಂದರು. ಒಬ್ಬರು ಮಾತ್ರ "ಇವರದ್ದು ಬೇಗ ಮುಗೀತು, ಅಲ್ವಾ?" ಎಂದು ಖುಷಿಯಿಂದ ಗಡಿಯಾರ ನೋಡಿಕೊಂಡರು. ಆ ಒಬ್ಬರನ್ನೇ ದಿನವಿಡೀ ನೆನೆಯುತ್ತಿದ್ದೇನೆ.

ಜೂನ್ 14, ಬುಧವಾರ

ಮಿಷನ್ ಕಚೇರಿಯ ಹಿರಿಯರು ಕರೆಸಿದ್ದರು. ಮಿಷನ್ ಆಸ್ಪತ್ರೆಯಲ್ಲಿ ಚಾಪ್ಲೇನ್ ಜಾಗ, ಎಂದರೆ ಆಸ್ಪತ್ರೆಯ ಪಾಸ್ಟರ ಕೆಲಸ, ಖಾಲಿ ಇದೆಯಂತೆ. ರೋಗಿಗಳನ್ನು ನೋಡುವುದು, ಕೇಳಿದವರಿಗೆ ಪ್ರಾರ್ಥನೆ ಮಾಡುವುದು. ಸ್ವರ ಬರುವವರೆಗೆ ಅಲ್ಲಿರಿ ಎಂದರು.

ಮಾತಿಲ್ಲದೆ ಪ್ರಾರ್ಥನೆ ಹೇಗೆ ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದೆ. "ಕರ್ತನಿಗೆ ಕಿವಿ ಇದೆ" ಎಂದರು. ಕರ್ತನಿಗೆ ಇದೆ, ಸರಿ. ರೋಗಿಗೂ ಇದೆಯಲ್ಲ? ಅದನ್ನು ಬರೆಯುವಷ್ಟರಲ್ಲಿ ಅವರು ಚಹಾ ಮುಗಿಸಿ ಎದ್ದಿದ್ದರು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮಾತಿಲ್ಲದವನಿಗೆ ಜಗಳವಾಡುವ ಭಾಗ್ಯವೂ ಇಲ್ಲ.

ಜೂನ್ 19, ಸೋಮವಾರ

ವಾರ್ಡಿನ ಮೊದಲ ದಿನ. ಉದ್ದನೆಯ ಕೋಣೆ, ಎರಡೂ ಕಡೆ ಮಂಚ, ಪರದೆಯ ಉಂಗುರಗಳು ಕಂಬಿಯ ಮೇಲೆ ಸರಸರ ಓಡುವ ಸದ್ದು, ಮೂಗಿಗೆ ಹೊಡೆಯುವ ಫಿನಾಯಿಲ್. ನನ್ನ ಬಿಳಿ ಕಾಲರ್ ನೋಡಿದ ಕೂಡಲೇ ಒಬ್ಬ ರೋಗಿ ಕಣ್ಣು ಮುಚ್ಚಿ ನಿದ್ದೆ ನಟಿಸಿದ. ಇನ್ನೊಬ್ಬರು ಹೆದರಿ ನರ್ಸನ್ನು ಕೇಳಿದರು: "ನಂಗೆ ಅಷ್ಟು ಸೀರಿಯಸ್ಸಾ?" ಮೂರನೆಯವರು "ಫಾದರ್, ಬನ್ನಿ" ಎಂದರು. ನನಗೆ ಮದುವೆಯಾಗಿ ಮೂವತ್ತು ವರ್ಷವಾಯಿತು ಎಂದು ಬರೆದು ತೋರಿಸಿದೆ. "ಪಾಪ" ಎಂದರು.

ವಾರ್ಡಿನ ದೊಡ್ಡ ಸಿಸ್ಟರು ನನಗೊಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟರು. "ನಿಂತ್ಕೊಂಡು ನೋಡ್ಬೇಡಿ ಪಾಸ್ಟರೇ, ಕೂತ್ಕೊಳ್ಳಿ. ನಿಂತೋರು ಹೋಗೋ ಆತುರದಲ್ಲಿರ್ತಾರೆ ಅಂತ ಇವರಿಗೆಲ್ಲ ಗೊತ್ತು." ಜೀವನವಿಡೀ ನಿಂತುಕೊಂಡೇ ದುಡಿದವನಿಗೆ ಎಂಥ ಪಾಠ! ಕುರ್ಚಿಯ ಒಂದು ಕಾಲು ಸೊಟ್ಟ.

ಜೂನ್ 22, ಗುರುವಾರ

ಕಿಟಕಿಯ ಪಕ್ಕದ ಮಂಚದಲ್ಲಿ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಇದ್ದಾರೆ. ಶ್ವಾಸಕೋಶ ಸೋತಿದೆ, ಆದರೂ ವಾರ್ಡಿನಲ್ಲಿ ಅವರದ್ದೇ ಗಂಟಲು. ಊಟದ ಗಾಡಿ ತಳ್ಳುವವರಿಗೆ "ಮುಂದೆ ಹೋಗಿ, ಮುಂದೆ ಜಾಗ ಇದೆ" ಎನ್ನುತ್ತಾರೆ. ನನ್ನ ಸ್ಲೇಟು ನೋಡಿ, ಮೂಗನಾದವನು ಕಿವುಡನೂ ಹೌದು ಎಂದುಕೊಂಡು ಕಿವಿಯ ಹತ್ತಿರ ಬಂದು ಕಿರುಚಿದರು: "ನಿಮ್ದು ಯಾವೂರು?"

ಕಿವಿ ಚೆನ್ನಾಗಿದೆ, ಗಂಟಲು ಮಾತ್ರ ರಜೆಯಲ್ಲಿದೆ ಎಂದು ಬರೆದೆ. ಓದಿ, ಹೊಟ್ಟೆ ಹಿಡಿದು ನಕ್ಕು, ಕೆಮ್ಮಿ, ಸುಧಾರಿಸಿಕೊಂಡು ಹೇಳಿದರು: "ಮಾತಾಡದ ಪಾಸ್ಟರ್! ಈ ರೂಟಲ್ಲಿ ಇಂಥ ಗಾಡಿ ನಾನು ನೋಡೇ ಇರ್ಲಿಲ್ಲ. ಕೂತ್ಕೊಳ್ಳಿ, ಕೂತ್ಕೊಳ್ಳಿ."

ಸಂಜೆಯವರೆಗೆ ಕೂರಿಸಿದರು.

ಜುಲೈ 3, ಸೋಮವಾರ

ಇವತ್ತು ಕಂಡಕ್ಟರು ತಮ್ಮ ಹೆಂಡತಿಯ ವಿಷಯ ಹೇಳಿದರು. ಆಕೆ ತೀರಿಹೋದದ್ದೂ ಇದೇ ಆಸ್ಪತ್ರೆಯಲ್ಲಿ, ಕೆಳಗಿನ ಮಹಡಿಯಲ್ಲಿ.

"ಅವತ್ತು ಬೆಳಿಗ್ಗೆ ಸ್ವಲ್ಪ ಚೇತರಿಸ್ಕೊಂಡಿದ್ಲು. ನನ್ನ ಕಡೆ ತಿರುಗಿ 'ರೀ, ಒಂದ್ ಮಾತು' ಅಂದ್ಲು. ಅಷ್ಟರಲ್ಲಿ ನಿಮ್ಮಂಥೋರೊಬ್ರು ಬಂದ್ರು. ಒಳ್ಳೇ ಮನುಷ್ಯ, ಕೆಟ್ಟೋರಲ್ಲ. ಪ್ರಾರ್ಥನೆ ಮಾಡ್ಲಾ ಅಂದ್ರು. ಬೇಡ ಅನ್ನೋಕಾಗುತ್ತಾ? ಶುರು ಮಾಡಿದ್ರು. ಏನು ಚೆಂದ ಮಾಡಿದ್ರು ಅಂತೀರಿ! ಪಕ್ಕದ ಮಂಚದೋರೆಲ್ಲ ಕಣ್ಣೊರೆಸ್ಕೊಂಡ್ರು. ಮಾಡ್ತಾನೇ ಇದ್ರು. ಆಮೆನ್ ಅನ್ನೋ ಹೊತ್ತಿಗೆ ಅವಳಿಗೆ ಮಂಪರು ಹತ್ತಿತ್ತು. ಮತ್ತೆ ಬಾಯಿ ಬಿಡ್ಲಿಲ್ಲ."

ಆ ಪಾಸ್ಟರು ನಾನಲ್ಲ. ಆ ವರ್ಷ ನಾನು ಬೇರೆ ಊರಿನ ಚರ್ಚಿನಲ್ಲಿದ್ದೆ. ಮನೆಗೆ ಬರುವ ಬಸ್ಸಿನಲ್ಲಿ ಎರಡೆರಡು ಸಲ ಲೆಕ್ಕ ಹಾಕಿ ಖಚಿತ ಮಾಡಿಕೊಂಡೆ.

ಅವರಿಗೆ ಬೈಬಲಿನ ಸಮಾಧಾನದ ವಚನವೊಂದನ್ನು ಬರೆದುಕೊಡಬೇಕೆಂದು ಬಳಪ ಹಿಡಿದಿದ್ದೆ. ಸ್ಲೇಟು ಒರೆಸುವಷ್ಟರಲ್ಲಿ ಅವರು ಮತ್ತೆ ಶುರು ಮಾಡಿದರು. ಇಂದು ಪೂರ್ತಿ ಹೀಗೇ ಆಯಿತು. ಎಷ್ಟು ಒಳ್ಳೊಳ್ಳೆಯ ವಚನಗಳು ವ್ಯರ್ಥ!

ಜುಲೈ 9, ಭಾನುವಾರ

ಆರಾಧನೆಗೆ ಹೋಗಿದ್ದೆ. ಚಿಕ್ಕ ಪಾಸ್ಟರು ಇವತ್ತು ಹಾಳೆ ನೋಡಲಿಲ್ಲ. ಜನ ಒಮ್ಮೆ ನಕ್ಕರು ಕೂಡ.

ಪೀಠ, ಪೀಠ, ಪೀಠ. ಬೇರೆ ಏನೂ ಬರೆಯಲು ತೋಚುತ್ತಿಲ್ಲ.

ಜುಲೈ 18, ಮಂಗಳವಾರ

ಹೆಂಡತಿ ಏನು ಹೇಳಹೊರಟಿದ್ದರು ಎಂದು ಕಂಡಕ್ಟರು ದಿನಕ್ಕೊಂದು ಊಹೆ ಮಾಡುತ್ತಾರೆ. ನಿನ್ನೆಯದು: "ಪಕ್ಕದ ಮನೆಯೋಳು ನಮ್ಮ ದೊಡ್ಡ ಪಾತ್ರೆ ತಗೊಂಡು ಹೋಗಿದ್ಲು, ಅದನ್ನ ಇಸ್ಕೊಳ್ಳಿ ಅನ್ನೋಕಿರಬಹುದು." ಇವತ್ತಿನದು: "ನಿಮ್ಮ ಗೊರಕೆಗೆ ಇಷ್ಟು ವರ್ಷ ನಿದ್ದೆ ಮಾಡಿಲ್ಲ ಅನ್ನೋಕಿದ್ಲೇನೋ." ಒಂದು ದಿನ ಕೇಳಿದ್ದರು: "ಬೇರೆ ಯಾರನ್ನಾದ್ರೂ ಇಷ್ಟಪಟ್ಟಿದ್ಲಾ ಪಾಸ್ಟರೇ?" ಮರುದಿನ ತಾವೇ ಅದನ್ನು ತಳ್ಳಿಹಾಕಿದರು: "ಛೇ, ನನ್ನಂಥ ಚೆಲುವ ಇರೋವಾಗ!"

ನಾನು ಏನನ್ನೂ ಬರೆದು ತೋರಿಸಲಿಲ್ಲ. ಸ್ಲೇಟನ್ನು ಮನೆಯಲ್ಲೇ ಮರೆತುಹೋಗಿದ್ದೆ. ಸಂಜೆ ನನ್ನವಳು ಹೇಳುವವರೆಗೆ ಗೊತ್ತೇ ಆಗಿರಲಿಲ್ಲ.

ಕಣ್ಣು ಮುಚ್ಚಿ ನಿದ್ದೆ ನಟಿಸುತ್ತಿದ್ದ ರೋಗಿ ಇವತ್ತು ತಾನೇ ಕುರ್ಚಿ ಎಳೆದು, "ಇಲ್ಲಿಗೂ ಸ್ವಲ್ಪ ಬನ್ನಿ, ಆ ಅಜ್ಜನೊಬ್ಬನಿಗೇನಾ?" ಎಂದ. ಹೊಟ್ಟೆಕಿಚ್ಚಿನ ಜನ. ನನ್ನನ್ನು ಕಟ್ಟಿಕೊಂಡು ಇವರಿಗೇನು ಲಾಭವೋ! ಒಂದು ಪ್ರಸಂಗ ಮಾಡಲಾಗದ ಪಾಸ್ಟರು, ಬತ್ತಿಯಿಲ್ಲದ ದೀಪ.

ಜುಲೈ 27, ಗುರುವಾರ

ಡಾಕ್ಟರು ಗಂಟಲೊಳಗೆ ಕನ್ನಡಿ ಇಳಿಸಿ ನೋಡಿ, "ಆ ಅನ್ನಿ" ಎಂದರು. ಆ ಎಂದೆ. ಸದ್ದು ಬಂತು! ತುಕ್ಕು ಹಿಡಿದ ಬಾಗಿಲಿನಂಥ ಸದ್ದು, ಆದರೂ ನನ್ನದೇ. ಕಣ್ಣಲ್ಲಿ ನೀರು ಬಂತು. ದಿನಕ್ಕೆ ಕೆಲವೇ ಮಾತು, ಮೆತ್ತಗೆ, ಎಂದು ಅಪ್ಪಣೆಯಾಯಿತು.

ಮೊದಲ ಮಾತನ್ನು ನನ್ನವಳಿಗೇ ಆಡಬೇಕೆಂದು ಬಸ್ಸಿನಲ್ಲಿ ಬಾಯಿ ಬಿಗಿ ಹಿಡಿದು ಬಂದೆ. ಬಾಗಿಲು ತೆಗೆದ ಕೂಡಲೇ ಅವಳ ಹೆಸರು ಹಿಡಿದು ಕರೆದೆ. "ಅಯ್ಯೋ, ರಜೆ ಮುಗೀತಾ?" ಎಂದು ಒಳಗೆ ಹೋಗಿ ನನಗೆ ಬಿಸಿನೀರು ಕಾಯಿಸಿದಳು. ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು.

ಆಗಸ್ಟ್ 5, ಶನಿವಾರ

ಚರ್ಚಿನ ಸಭೆಯ ಕಾರ್ಯದರ್ಶಿ ಮನೆಗೆ ಬಂದಿದ್ದರು. ಆಗಸ್ಟ್ ಇಪ್ಪತ್ತರ ಭಾನುವಾರ ನಾನು ಪ್ರಸಂಗ ಮಾಡಬೇಕು. ಅಂದೇ ಆರಾಧನೆಯ ನಂತರ ಸಮಿತಿ ಕೂತು ತೀರ್ಮಾನಿಸುತ್ತದೆ: ಸ್ವರ ಕೊನೆಯವರೆಗೆ ಬಂದರೆ ಪೀಠ ನನ್ನದು, ಇಲ್ಲವಾದರೆ ಚಿಕ್ಕ ಪಾಸ್ಟರಿಗೆ. "ನಮಗೆಲ್ಲ ನೀವೇ ಬೇಕು ಅಯ್ಯನವರೇ" ಎಂದರು. ಚಹಾ ಕುಡಿಯುತ್ತಾ ಎರಡು ಸಲ ಹೇಳಿದರು. ಒಮ್ಮೆ ಹೇಳಿದ್ದರೆ ನಂಬುತ್ತಿದ್ದೆ.

ಹದಿನೈದು ದಿನ ಇದೆ. ಬಚ್ಚಲಲ್ಲಿ ಸ್ವರ ಸಾಧನೆ ಶುರು ಮಾಡಿದ್ದೇನೆ. ದೇವರೇ, ಇದೊಂದನ್ನು ಕೊಡು. ಬೇರೇನೂ ಕೇಳುವುದಿಲ್ಲ.

ಆಗಸ್ಟ್ 11, ಶುಕ್ರವಾರ

ಕಂಡಕ್ಟರನ್ನು ಮನೆಗೆ ಕಳಿಸಿದರು. ಇಲ್ಲಿ ಇನ್ನು ಮಾಡುವುದೇನೂ ಇಲ್ಲ, ಮನೆಯಲ್ಲೇ ನೆಮ್ಮದಿಯಾಗಿರಲಿ ಎಂದು ಡಾಕ್ಟರು ಮಗನಿಗೆ ಹೇಳಿದ್ದು ಅವರ ಕಿವಿಗೂ ಬಿದ್ದಿತ್ತು. ಮಗ ಔಷಧಿ ತರಲು ಕೆಳಗೆ ಹೋದಾಗ ನನ್ನನ್ನು ಕರೆದರು.

"ಸ್ವರ ಬಂದಿದೆಯಂತೆ? ನನ್ಗೊಂದು ಪ್ರಾರ್ಥನೆ ಮಾಡಿ. ಚಿಕ್ಕದು. ನಾನು ಒಂದೇ ಸ್ಟಾಪಿಗೆ ಹೋಗೋನು."

"ಏನಂತ ಮಾಡ್ಲಿ?" ಎಂದು ಕೇಳಿದೆ. ಇದನ್ನು ನಾನು ಯಾರನ್ನೂ ಕೇಳಿದ ನೆನಪಿಲ್ಲ. ಇವರನ್ನೇಕೆ ಕೇಳಿದೆನೋ.

ಅವರು ಕಿಟಕಿಯ ಕಡೆ ನೋಡುತ್ತಾ ಯೋಚಿಸಿದರು. ನಾನು ಕಾದೆ. "ಅವಳು ಏನು ಹೇಳೋಕಿದ್ಲೋ, ನಾನು ಅಲ್ಲಿ ಹೋದ ಕೂಡ್ಲೇ ಮೊದಲು ಅದನ್ನ ಹೇಳ್ಲಿ. ಬೇರೆ ಕುಶಲೋಪರಿ ಆಮೇಲೆ."

ಅಷ್ಟನ್ನೇ ಕರ್ತನಿಗೆ ಹೇಳಿ ಆಮೆನ್ ಎಂದೆ. ಒಂದೇ ವಾಕ್ಯ. ಅವರು ಸಾಕು ಎಂದು ಕೈ ಒತ್ತಿದರು. ಚಕ್ರದ ಕುರ್ಚಿಯಲ್ಲಿ ಹೋಗುವಾಗ ಬಾಗಿಲ ಬಳಿ "ರೈಟ್, ರೈಟ್" ಎಂದು ಕೂಗಿದರು. ಇಡೀ ವಾರ್ಡು ನಕ್ಕಿತು. ನನಗೆ ನಗಲಾಗಲಿಲ್ಲ.

ಅಷ್ಟು ಪುಟ್ಟ ಪ್ರಾರ್ಥನೆ ಮಾಡಿ ಕಳಿಸಿದ್ದಕ್ಕೆ ನಾಚಿಕೆಯೂ ಆಗುತ್ತಿದೆ. ಗಂಟಲು ಪೂರ್ತಿ ಸರಿಯಾದ ಮೇಲೆ ಇಂಥದ್ದನ್ನೆಲ್ಲ ಚೆನ್ನಾಗಿ ಮಾಡಬೇಕು.

ಆಗಸ್ಟ್ 15, ಮಂಗಳವಾರ

ಕಿಟಕಿಯ ಪಕ್ಕದ ಮಂಚಕ್ಕೆ ಹೊಸಬರು ಬಂದಿದ್ದಾರೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ. ಕೂತಿದ್ದೆ.

ಕಳೆದುಹೋದ ಕುರಿಯ ಮೇಲೆ ಪ್ರಸಂಗ ಸಿದ್ಧವಾಗಿದೆ. ಬಚ್ಚಲಲ್ಲಿ ಮಾಡಿ ನೋಡಿದೆ. ಸ್ವರ ಗೋಡೆಗೆ ತಾಗಿ ವಾಪಸು ಬಂತು, ಮೊದಲಿನಂತೆಯೇ! ಆದರೂ ಇವತ್ತು ಬಸ್ಸಿನಲ್ಲಿ ಕಂಡಕ್ಟರ್ "ಮುಂದೆ ಹೋಗಿ" ಎಂದಾಗ ಬೆಚ್ಚಿ ತಿರುಗಿ ನೋಡಿದೆ. ಬೇರೆ ಯಾರೋ.

ಆಗಸ್ಟ್ 20, ಭಾನುವಾರ

ಏನಾಯಿತೆಂದು ನನಗೇ ಸರಿಯಾಗಿ ತಿಳಿದಿಲ್ಲ. ಆದದ್ದನ್ನು ಆದಂತೆ ಬರೆಯುತ್ತೇನೆ.

ಬೆಂಚುಗಳು ತುಂಬಿದ್ದವು. ಪೀಠ ಹತ್ತಿದೆ. ಮರದ ಅಂಚಿನ ಮೇಲೆ ಕೈ ಇಟ್ಟಾಗ ಊರಿಗೆ ಬಂದಂತಾಯಿತು. ಬಾಯಿ ತೆರೆದೆ. ಸ್ವರ ಬಂತು. ತುಂಬಿದ ಸ್ವರ, ಕೊನೆಯ ಬೆಂಚಿನವರು ತಲೆ ಎತ್ತಿದರು. ಕುರುಬ ಕಳೆದುಹೋದ ಒಂದಕ್ಕಾಗಿ ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಹೊರಟ ಎನ್ನುವವರೆಗೆ ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಗಿತ್ತು.

ಆಗ ಮೂರನೇ ಬೆಂಚಿನಲ್ಲಿ ಗಾಯಕವೃಂದದ ಅಂಗಿಗಳನ್ನು ಹೊಲಿದುಕೊಡುವ ಹೆಂಗಸು ಬಾಯಿ ತೆರೆದರು. ಏನೋ ಹೇಳಹೊರಟಂತೆ. ನಾನು ನಿಲ್ಲಿಸಿದೆ. ಅವರು ಹೇಳಲಿ ಎಂದು ಕಾದೆ.

ಅವರು ಹೇಳಲಿಲ್ಲ. ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡಿದರು. ಅವರ ಪಕ್ಕದವರೂ ನೋಡಿದರು. ಅವಸರವಿಲ್ಲ ಎಂಬಂತೆ ತಲೆಯಾಡಿಸಿದೆ. ಎಷ್ಟೊಂದು ಮುಖಗಳು! ಇಷ್ಟು ವರ್ಷ ಇವರ ತಲೆಯ ಮೇಲಿಂದ ಹಿಂದಿನ ಗೋಡೆಗೆ ಮಾತಾಡುತ್ತಿದ್ದೆ ಎನಿಸುತ್ತದೆ. ಒಬ್ಬೊಬ್ಬರನ್ನೇ ನೋಡುತ್ತಾ ನಿಂತೆ. ಯಾರಾದರೂ ಮಾತು ಶುರು ಮಾಡಬಹುದು ಎಂದುಕೊಂಡೆ.

ಯಾರೂ ಶುರು ಮಾಡಲಿಲ್ಲ. ಚರ್ಚಿನಲ್ಲಿ ಯಾರು ಮಾತಾಡುತ್ತಾರೆ? ಕಾರ್ಯದರ್ಶಿ ಬಿಸಿನೀರಿನ ಲೋಟ ಹಿಡಿದು ಓಡಿಬಂದರು. ಮುಂದಿನ ಬೆಂಚಿನ ಅಜ್ಜಿ ಅಳತೊಡಗಿದರು. ಚಿಕ್ಕ ಪಾಸ್ಟರು ಮೆಲ್ಲಗೆ ನನ್ನ ತೋಳು ಹಿಡಿದು ಕೆಳಗಿಳಿಸಿ, ಪ್ರಸಂಗ ಮುಂದುವರಿಸಿ ಕುರಿಯನ್ನು ತಾವೇ ಹುಡುಕಿ ಮನೆಗೆ ತಂದರು. ಒಳ್ಳೆಯ ಮನುಷ್ಯ. ಚೆನ್ನಾಗಿಯೇ ತಂದರು.

ಸಮಿತಿಯವರು ನನ್ನನ್ನು ನಡುವೆ ಕೂರಿಸಿಕೊಂಡರು. ಗಂಟಲು ಇನ್ನೂ ಪೂರ್ತಿ ಗುಣವಾಗಿಲ್ಲ, ನಿಮ್ಮನ್ನು ಹಿಂಸಿಸುವುದು ನಮಗೆ ಇಷ್ಟವಿಲ್ಲ ಎಂದು ಕಾರ್ಯದರ್ಶಿ ಶುರು ಮಾಡಿದರು. ಗಂಟಲು ಚೆನ್ನಾಗಿದೆ ಎನ್ನಬೇಕಿತ್ತು. ಅವರ ಮಾತು ಮುಗಿಯಲಿ, ಆಮೇಲೆ ಹೇಳೋಣ ಎಂದು ಕೂತೆ. ಅವರ ಮಾತು ಮುಗಿಯುವಷ್ಟರಲ್ಲಿ ತೀರ್ಮಾನವೂ ಮುಗಿದಿತ್ತು. ಪೀಠ ಚಿಕ್ಕ ಪಾಸ್ಟರದ್ದು. ನಾನು ಆಸ್ಪತ್ರೆಯಲ್ಲೇ ಮುಂದುವರಿಯಬಹುದು.

ಹೊರಗೆ ಹೊಲಿಗೆಯವರು ಕಾದು ನಿಂತಿದ್ದರು. "ಕ್ಷಮಿಸಿ ಅಯ್ಯನವರೇ, ರಾತ್ರಿಯೆಲ್ಲ ಹೊಲೀತಿದ್ದೆ. ಆಕಳಿಕೆ ತಡ್ಕೊಳ್ಳೋಕಾಗ್ಲಿಲ್ಲ."

ಒಂದು ಆಕಳಿಕೆಗೆ ಮೂವತ್ತು ವರ್ಷದ ಪೀಠ ಹೋಯಿತು. ಇದನ್ನು ಬರೆಯುತ್ತಾ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಸ್ವರ ಇತ್ತು, ದೇವರೇ. ನೀನು ಕೊಟ್ಟಿದ್ದೆ. ನಾನೇಕೆ ಸುಮ್ಮನಾದೆ?

ಆಗಸ್ಟ್ 21, ಸೋಮವಾರ

ವಾರ್ಡಿಗೆ ಹೋಗಿದ್ದೆ. ಗೋಡೆಯ ಕಡೆ ಮುಖ ಮಾಡಿದ್ದವರು ಇವತ್ತು ಮೇಲೆ ನೋಡುತ್ತಾ ಮಲಗಿದ್ದರು. ದೊಡ್ಡ ಸಿಸ್ಟರು ಪ್ರಸಂಗ ಹೇಗಾಯಿತೆಂದು ಕೇಳಿದರು. ಚಿಕ್ಕದಾಗಿ ಆಯಿತು ಎಂದೆ.

ಸಂಜೆ ಮನೆಗೆ ಬಂದಾಗ ನನ್ನವಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ನಿನ್ನೆಯಿಂದ ಏನೂ ಕೇಳಿರಲಿಲ್ಲ. ಈಗ ಕೇಳಿದಳು: "ಸ್ವರ ಇತ್ತಲ್ವಾ? ನಿನ್ನೆ ಬೆಳಿಗ್ಗೆ ಬಚ್ಚಲ ಬಾಗಿಲೇ ಅದುರ್ತಿತ್ತು."

"ಇತ್ತು."

"ಮತ್ತೆ?"

"ಆ ಹೊಲಿಗೆಯವ್ರು ಏನೋ ಹೇಳ್ತಾರೆ ಅನ್ಕೊಂಡೆ."

ಅವಳು ಮಡಿಸುತ್ತಿದ್ದ ಟವೆಲನ್ನು ತೊಡೆಯ ಮೇಲೆ ಹಾಗೇ ಬಿಟ್ಟು ನನ್ನ ಮುಖವನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಎದುರಿನ ಸ್ಟೂಲಿನ ಮೇಲೆ ಕೂತೆ.

"ನಂಗೂ ಒಂದು ಹೇಳೋದಿತ್ತು" ಎಂದಳು.

ಅವಳು ಮದುವೆಗೆ ಮುಂಚೆ ನರ್ಸಿಂಗ್ ಓದಿದ್ದು ನನಗೆ ಗೊತ್ತು. ಅಷ್ಟೇ ಗೊತ್ತಿದ್ದದ್ದು. ಓದು ಮುಗಿದ ವರ್ಷ ಮಿಷನ್‌ನವರು ಅವಳನ್ನು ಸಮುದ್ರದಾಚೆಯ ಒಂದು ದ್ವೀಪದ ಆಸ್ಪತ್ರೆಗೆ, ಹೆರಿಗೆ ವಾರ್ಡಿಗೆ ಆರಿಸಿದ್ದರಂತೆ. ಟ್ರಂಕು ಕಟ್ಟಿ ಇಟ್ಟಿದ್ದಳಂತೆ. ಆಗ ನನ್ನ ಸಂಬಂಧ ಬಂತು. "ಪಾಸ್ಟರ ಹೆಂಡ್ತಿ ಆದ್ರೂ ಅದೇ ಸೇವೆ ತಾನೇ ಅಂದ್ರು ಅಪ್ಪ. ಅದೇ ಅಲ್ಲ ಕಣ್ರೀ. ನಿಮ್ಮ ಜೊತೆ ಕಷ್ಟ ಇತ್ತು ಅಂತಲ್ಲ. ಆದ್ರೆ ಅದೇ ಅಲ್ಲ. ನಂಗೂ ದೇವರ ಕರೆ ಬಂದಿತ್ತು. ಈಗ್ಲೂ ಬಟ್ಟೆ ಮಡಿಸುವಾಗ ಟ್ರಂಕಿಗೆ ಮಡಿಸೋ ಥರಾನೇ ಮಡಿಸ್ತೀನಿ."

ಎಲ್ಲಿದ್ದರೂ ಕರ್ತನ ಸೇವೆ ಒಂದೇ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಅದರ ಮೇಲೆ ಎಷ್ಟೋ ಭಾನುವಾರ ಪ್ರಸಂಗ ಮಾಡಿದ್ದೇನೆ. ಅವಳು ಇನ್ನೂ ಮುಗಿಸಿರಲಿಲ್ಲ. ನುಂಗಿಕೊಂಡೆ.

ಆ ದ್ವೀಪದ ಹೆಸರು ಹೇಳಿದಳು. ಅಲ್ಲಿಗೆ ಹಡಗು ವಾರಕ್ಕೊಮ್ಮೆ ಹೋಗುತ್ತಿತ್ತಂತೆ. ವಾರ್ಡಿಗೆ ಎಷ್ಟು ಕಿಟಕಿ, ಯಾವ ಕಿಟಕಿಯಿಂದ ಸಮುದ್ರ ಕಾಣುತ್ತದೆ, ಎಲ್ಲ ಹೇಳಿದಳು. ಒಮ್ಮೆಯೂ ಕಾಣದ ಊರು. ಇಷ್ಟು ವರ್ಷ ನನ್ನ ಪಕ್ಕದಲ್ಲಿ ಮಲಗಿ ಅಲ್ಲಿಗೆ ಹೋಗಿ ಬರುತ್ತಿದ್ದಳು. ನಾನು ಹಂಬಲಿಸಿದ್ದು ಎರಡೂವರೆ ತಿಂಗಳು, ಅದನ್ನೇ ಇಷ್ಟು ಪುಟ ಬರೆದುಕೊಂಡಿದ್ದೇನೆ.

"ಯಾಕೆ ಒಂದು ದಿನವೂ ಹೇಳ್ಲಿಲ್ಲ?" ಎಂದೆ.

ಅವಳಿಗೆ ನಗು ಬಂತು, ಕಣ್ಣೀರೂ ಬಂತು. "ಹೇಳೋಕೆ ಬಾಯಿ ತೆಗೆದಾಗೆಲ್ಲ ನೀವು ಅದರ ಮೇಲೊಂದು ಪ್ರಸಂಗ ಮಾಡ್ತಿದ್ರಿ."

ಅಷ್ಟು ಹೇಳಿ ಒಲೆಯ ಮೇಲಿಟ್ಟದ್ದು ಸೀದುಹೋಗುತ್ತಿದೆ ಎಂದು ಒಳಗೆ ಎದ್ದುಹೋದಳು. ಆ ಬಿಡುವಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಈಗ ಕರೆಯುತ್ತಿದ್ದಾಳೆ. ದ್ವೀಪದ ಕಥೆ ಇನ್ನೂ ಅರ್ಧ ಬಾಕಿ ಇದೆಯಂತೆ. ಮೂವತ್ತು ವರ್ಷ ಕಾದಿದ್ದಾಳೆ, ನಾನು ಬರೆಯುತ್ತಾ ಕೂತು ಇನ್ನೂ ಕಾಯಿಸಬಾರದು.